ಶುಭ ಕೋರುವವರು

ಸಂಜಯ ಸರ್ಕಲ್ಲಿನ ಹಿಂದೆ, ಪಂಕ್ಚರ್ ಅಂಗಡಿಗೂ
ಹಾಲಿನ ಬೂತಿಗೂ ನಡುವೆ ನನ್ನ ಮಷೀನು.
ಹತ್ತೊಂಬತ್ತು ವರ್ಷದಿಂದ ಮಂಡ್ಯದ
ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ
ಎಲ್ಲವೂ ಇಲ್ಲೇ ಅಚ್ಚಾಗಿ, ಸರ್ವೆ ಗಳಕ್ಕೆ ಮೊಳೆ ಹೊಡೆಸಿಕೊಂಡು
ನೂರಡಿ ರಸ್ತೆಗೆ ಹೊರಡುವುದು.

ಆ ರಾತ್ರಿ ಸಂಘದವರು ಬಂದರು, ಪೆನ್‌ಡ್ರೈವ್ ಹಿಡಿದು.
ಮಾದೇವಿ ಗೆದ್ದಿದ್ದಳು. ಗುಂಡು ಎಸೆತ. ಇಡೀ ಏಷ್ಯಾಕ್ಕೆ ಮೊದಲು.
ನಮ್ಮ ಹೈಸ್ಕೂಲಿನ ಮಾದೇವಿ,
ಹೆಡ್‌ಮಾಸ್ಟರ ಸೈಕಲ್ಲಿನ ಮಡ್‌ಗಾರ್ಡ್ ನೆಗ್ಗಿಸಿದವಳು,
ಗುಂಡನ್ನು ಕತ್ತಿಗೊತ್ತಿ, ಕಣ್ಣು ಮುಚ್ಚಿ,
ಯಾರಿಗೋ ಗುಟ್ಟು ಹೇಳುವಂತೆ ನಿಲ್ಲುತ್ತಿದ್ದವಳು.

ಗುಟ್ಟು ಈಗ ಇರಲಿಲ್ಲ.
ವಿಮಾನ ಇಳಿದು ಬಂದಾಗ ಮೈಕು ಚಾಚಿದವನು
"ಪಕ್ಕದಲ್ಲಿರೋರು ಯಾರು ಮೇಡಂ, ಫ್ರೆಂಡಾ?" ಅಂದದ್ದಕ್ಕೆ
"ಜಸಿಂತ. ನನ್ನ ಭುಜ ಉಳಿದಿರೋದು ಇವಳ ಕೈಯಿಂದ.
ಆರು ವರ್ಷದಿಂದ ಒಂದೇ ಮನೇಲಿ ಇದೀವಿ,
ಗಂಡ ಹೆಂಡ್ತಿ ಇರಲ್ವಾ, ಹಂಗೆ. ಬರ್ಕೊಳಿ" ಅಂದಿದ್ದಳು.
ತಲೆ ಬಗ್ಗಿಸದೆ, ದನಿ ಏರಿಸದೆ,
ಪಡಿತರ ಚೀಟಿಗೆ ಹೆಸರು ಕೊಡುವ ಹಾಗೆ.
ಹೋಟೆಲಿನ ಟಿವಿಯೆದುರು ಇಡ್ಲಿ ಕೈಯಲ್ಲೇ ಉಳಿದ
ಜನವನ್ನು ನಾನು ನೋಡಿದ್ದೇನೆ.

ಫೋಟೊ ಚೆನ್ನಾಗಿ ಬಂದದ್ದು ಒಂದೇ.
ಕೊರಳಲ್ಲಿ ಪದಕ, ಬೆವರು, ಹಲ್ಲು ಬಿಟ್ಟ ನಗು;
ಒತ್ತಿಕೊಂಡು ಜಸಿಂತ, ಕೈ ಭುಜದ ಮೇಲೆ.
"ಈಯಮ್ಮನ್ನ ತೆಗಿ" ಅಂದರು ಅಧ್ಯಕ್ಷರು. "ಜಾಗ ಇಲ್ಲ."
ಕೆಳಗೆ ಶುಭ ಕೋರುವವರು ಇಪ್ಪತ್ತಮೂರು ಜನ,
ಕೂಲಿಂಗ್ ಗ್ಲಾಸಿನವರು, ಶಲ್ಯದವರು, ಫೋನು ಕಿವಿಗಿಟ್ಟವರು,
ಯಾರೂ ಒಂದು ದಿನ ಗುಂಡು ಹೆಕ್ಕಿ ತಂದು ಕೊಟ್ಟವರಲ್ಲ.
ನಾನೂ ಕೇಳಲಿಲ್ಲ. ಅಡ್ವಾನ್ಸ್ ಎಣಿಸಿದೆ.

ಮೌಸಿನಲ್ಲಿ ಗೆರೆ ಎಳೆದು ಕೂದಲು ತೆಗೆದೆ, ಓಲೆ ತೆಗೆದೆ,
ನಗುತ್ತಿದ್ದ ಕಣ್ಣು ತೆಗೆದೆ, ಮೊಣಕೈ ತೆಗೆದೆ.
ಭುಜಕ್ಕೆ ಬಂದಾಗ ಬೆರಳು ಬರಲಿಲ್ಲ.
ಅವನ್ನು ಕಿತ್ತರೆ ಮಾದೇವಿಯ ಭುಜವೇ ಹರಿಯುತ್ತಿತ್ತು.
ನಾಲ್ಕು ಬೆರಳು. ಒಂದರ ಉಗುರಲ್ಲಿ ಮಾಸಿದ ಬಣ್ಣ.
ಗಂಟೆ ಎರಡೂವರೆ; ಕರೆಂಟು ಹೋಗುವ ಭಯ; ಬಿಟ್ಟೆ.

ಬೆಳಿಗ್ಗೆ ಇಪ್ಪತ್ತಡಿಯ ಮಾದೇವಿ ರಸ್ತೆಯಲ್ಲಿ ನಿಂತಳು
ಯಾರದೋ ಬೆರಳು ಹೊತ್ತುಕೊಂಡು.
ತೆರೆದ ಜೀಪು ಅಲ್ಲಿಗೆ ಬಂದಾಗ ತಲೆಯೆತ್ತಿದಳು.
ತಮಟೆಯವರೂ ಒಂದು ಗಳಿಗೆ ನಿಂತರು.
ಆಮೇಲೆ ಪಕ್ಕದಲ್ಲಿ ಕೂತವಳನ್ನು ತಿವಿದು, ತೋರಿಸಿ, ನಕ್ಕಳು.
ಆ ನಗು ಬೈಗುಳವಾಗಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಮರುದಿನ ಜಸಿಂತ ಅಂಗಡಿಗೆ ಬಂದಳು, ಒಬ್ಬಳೇ.
ಮೈಸೂರಿನ ಗಾಂಧಿನಗರದ ಮಾತು:
"ಅಣ್ಣಾ, ನಾಲ್ಕು ಬೆರಳು ನಿಮ್ಮತ್ರ ಬಿಟ್ಟೋಗಿದೀನಂತೆ.
ಮಿಕ್ಕಿದ್ದು ಇದ್ರೆ ಕೊಡಿ, ಜೋಡಿಸ್ಕೋತೀನಿ."
ಫೈಲು ಅಳಿಸಿರಲಿಲ್ಲ, ಯಾಕೋ.
ಮೂರಡಿ ನಾಲ್ಕಡಿ, ಪೂರಾ ಫೋಟೊ, ಕೆಳಗೆ ಯಾರ ಮುಖವೂ ಇಲ್ಲದೆ.
ಕಾಸು ಬೇಡ ಅಂದೆ.
ಮೇಜಿನ ಮೇಲಿಟ್ಟು ಹೋದಳು, ಚಿಲ್ಲರೆ ಸಮೇತ.

ಫ್ಲೆಕ್ಸಿಗೆ ಆಯುಸ್ಸು ಹದಿನೈದು ದಿನ, ಆಮೇಲೆ ಬೇರೆ ಜನ್ಮ.
ಇದು ಸ್ಟೇಡಿಯಂ ಗೇಟಿನ ಕಬ್ಬಿನಹಾಲಿನ ಗಾಡಿಗೆ ಸೂರಾಯಿತು.
ಮೊನ್ನೆ ಅಲ್ಲಿ ನಿಂತಿದ್ದೆ. ಅಭ್ಯಾಸ ಮುಗಿಸಿ ಬಂದ ಹುಡುಗಿಯೊಬ್ಬಳು,
ಕತ್ತಿನಲ್ಲಿ ಇನ್ನೂ ಗುಂಡಿನ ಮಣ್ಣು,
ಮೇಲೆ ನೋಡಿ ಕೇಳಿದಳು: "ಇವ್ಯಾರ ಬೆರಳು?"
"ಅವಳವೇ ಕಣವ್ವ," ಜಲ್ಲೆಗೆ ಶುಂಠಿ ಸಿಗಿಸುತ್ತ ಗಾಡಿಯ ಬೋರಣ್ಣ,
"ಮಾದೇವಿ ಅಂದ್ಮೇಲೆ ದೇವಿ; ಕೈ ಒಂದೆರಡು ಜಾಸ್ತೀನೇ ಇರ್ತವೆ."
ಹುಡುಗಿ ನಗಲಿಲ್ಲ. ಇನ್ನೂ ಮೇಲೆಯೇ ನೋಡುತ್ತಿದ್ದಳು.

ನಾನು ಲೋಟ ಕೆಳಗಿಟ್ಟೆ.
ಹೆಸರು ಹೇಳಿದೆ.